ಹಿಂದಿನ ಎಡಬಾಗಿಲಿನ ಸ್ಪೀಕರ್

ಆ ಶುಕ್ರವಾರ ಬೆಳಿಗ್ಗೆ ನಮ್ಮ ಕಾರಿನ ಸ್ಪೀಕರುಗಳು ಮಾತು ಬಿಟ್ಟಿದ್ದವು. ಸ್ಟೀರಿಯೋ ಸೆಟ್ಟಿನಲ್ಲಿ ದೀಪ ಉರಿಯುತ್ತಿತ್ತು, ಹಾಡಿನ ಸೆಕೆಂಡುಗಳು ಓಡುತ್ತಿದ್ದವು, ಸದ್ದು ಮಾತ್ರ ಇಲ್ಲ. ಬೇರೆ ದಿನವಾಗಿದ್ದರೆ ಸುಮ್ಮನೆ ಓಡಿಸಿಕೊಂಡು ಹೋಗುತ್ತಿದ್ದೆ. ಅಂದು ಗೊರವನಹಳ್ಳಿಯಲ್ಲಿ ನನ್ನ ಹೆಂಡತಿಯ ಭಜನಾ ಮಂಡಳಿಯ ಹಾಡಿತ್ತು. ಮುಂದೆ ಕೂತು ಪಲ್ಲವಿ ಎತ್ತುವವರು ಇವಳೋ, ಕೊರಟಗೆರೆಯ ಇನ್ನೊಬ್ಬ ಹೆಂಗಸೋ ಎಂಬುದು ಇತ್ಯರ್ಥವಾಗಿರಲಿಲ್ಲ. ತೀರ್ಮಾನ ಮಂಡಳಿಯ ಹಿರಿಯರಾದ ಪಾವಗಡದ ಅಮ್ಮನದು. ಅವರು ಬಸ್ಸಿನಲ್ಲಿ ಮಧುಗಿರಿಗೆ ಬಂದು ನಮ್ಮ ಕಾರು ಹತ್ತುವವರಿದ್ದರು. ಆ ಇನ್ನೊಬ್ಬಾಕೆ ಕೊರಟಗೆರೆಯಲ್ಲಿ ಹತ್ತುವವಳು. ಅಷ್ಟರೊಳಗೆ, ಪೆನ್‌ಡ್ರೈವಿನಲ್ಲಿ ತುಂಬಿಸಿಟ್ಟ ತನ್ನ ಹಾಡನ್ನು ಅಮ್ಮನ ಕಿವಿಗೆ ಹಾಕಿಬಿಡಬೇಕೆಂದು ಹೆಂಡತಿಯ ಲೆಕ್ಕಾಚಾರ.

"ಕಾರಿನಲ್ಲೇ ಬಾಯಿಬಿಟ್ಟು ಹಾಡಿಬಿಡು," ಎಂದೆ.

"ನೀವು ಹಂಪ್ ಹಾರಿಸೋ ಚೆಂದಕ್ಕೆ ರಾಗ ನಿಲ್ಲುತ್ತಾ?" ಎಂದಳು.

ಇಂಥ ಕೆಲಸಕ್ಕೆ ಒಂದು ಕ್ರಮವಿದೆ. ದೀಪ ಉರಿಯುತ್ತಿದ್ದುದರಿಂದ ಸೆಟ್ಟಿಗೆ ಕರೆಂಟು ಬರುತ್ತಿದೆ ಎಂದಾಯಿತು. ಸೆಟ್ಟನ್ನು ಹೊರಗೆಳೆದು, ಹಿಂದೆ ಸ್ಪೀಕರ್ ತಂತಿಗಳ ಪ್ಲಗ್ಗನ್ನು ಬಿಡಿಸಿದೆ. ಟಾರ್ಚಿನ ಸೆಲ್ಲನ್ನು ಒಂದೊಂದೇ ಜೋಡಿ ತಂತಿಗೆ ಮುಟ್ಟಿಸಿದರೆ, ಬದುಕಿರುವ ಸ್ಪೀಕರು ಟಪ್ ಎನ್ನಬೇಕು. ಕಿವಿಗೊಡುವ ಕೆಲಸವನ್ನು ಹೆಂಡತಿಯ ತಮ್ಮನಿಗೆ ವಹಿಸಿದೆ. ಅವನು ಶಿರಾ ಕಡೆಯ ತಾವರೆಕೆರೆಯವನು, ಹಿಂದಿನ ದಿನ ಬಂದು ಉಳಿದಿದ್ದ.

"ಮುಂದಿನ ಬಲಗಡೆ?"

"ಟಪ್ ಅಂತು ಬಾವ."

"ಹಿಂದಿನ ಎಡಗಡೆ?"

"ಅದೂ ಟಪ್ಪೇ. ನಾಕೂ ನಿಮ್ಮಂಗೇ ಕಣ್ ಬಾವ. ಕೇಳ್ದಾಗ ಒಂದು ಹೂಂ, ಆಮ್ಯಾಕೆ ಉಸುರಿಲ್ಲ."

"ಅವರನ್ನ ಮಾತಾಡಿಸಬೇಡ, ಮೊದಲಿನಿಂದ ಶುರು ಮಾಡ್ತಾರೆ," ಎಂದು ಹೆಂಡತಿ ಜಗುಲಿಯಿಂದಲೇ ಎಚ್ಚರಿಸಿದಳು.

ಸ್ಪೀಕರುಗಳು ಸತ್ತಿಲ್ಲವೆಂದಾಯಿತು. ಇನ್ನು ತಂತಿ ಪರೀಕ್ಷಿಸುವ ಮೀಟರು. ಸ್ಪೀಕರಿಗೆ ಹೋಗುವ ಯಾವ ತಂತಿಯೂ ಕಾರಿನ ಕಬ್ಬಿಣಕ್ಕೆ ತಾಗಬಾರದು. ಒಂದು ತಾಗಿದರೂ ಸೆಟ್ಟು ತನ್ನ ಜೀವ ಉಳಿಸಿಕೊಳ್ಳಲು ನಾಲ್ಕೂ ಸ್ಪೀಕರುಗಳ ಸದ್ದು ನಿಲ್ಲಿಸಿ ಕೂರುತ್ತದೆ. ಮೀಟರಿನ ಒಂದು ಕಡ್ಡಿಯನ್ನು ಕಾರಿನ ಮೈಗೆ ಇಟ್ಟು, ಇನ್ನೊಂದನ್ನು ತಂತಿಗಳಿಗೆ ಸರದಿಯಂತೆ ಹಿಡಿದೆ. ಹಿಂದಿನ ಎಡಬಾಗಿಲಿನ ತಂತಿಗೆ ಮೀಟರು ಕುಯ್ಯೆಂದಿತು.

"ಇದೊಂದನ್ನು ಬಿಡಿಸಿಬಿಡುತ್ತೇನೆ. ಮೂರು ಹಾಡುತ್ತವೆ," ಎಂದೆ.

"ಅಮ್ಮನಿಗೆ ಕಾರಲ್ಲಿ ಹೊಟ್ಟೆ ತೊಳಸುತ್ತೆ, ಕೂರೋದೇ ಆ ಕಿಟಕಿ ಹತ್ರ. ಬಲಗಿವಿ ಬೇರೆ ಮಂದ. ಎಡಗಿವಿ ಹತ್ರ ಇರೋದೇ ಅದೊಂದು ಸ್ಪೀಕರು. ಅದನ್ನೇ ಬಿಡಿಸ್ತೀರಾ?" ಎಂದಳು ಹೆಂಡತಿ.

ಬಿಡಿಸಲಿಲ್ಲ. ಬಾಗಿಲು ತೆಗೆದು ಕೆಳಗಿನ ಜೇಬಿಗೆ ಕೈ ಹಾಕಿದೆ. ನಿಂಬೆಹಣ್ಣು ಸಿಕ್ಕಿತು, ಜೊತೆಗೆ ಮೆಣಸಿನಕಾಯಿ. ಅವನ್ನು ಪೋಣಿಸಿದ್ದ ತಾಮ್ರದ ತಂತಿಯ ಒಂದು ತುದಿ ಸ್ಪೀಕರಿನ ಜಾಲರಿಯೊಳಗೆ ತೂರಿ ಹೋಗಿತ್ತು. ಇನ್ನೊಂದು ಬಾಗಿಲ ಹಿಡಿಕೆಯ ಸ್ಕ್ರೂಗೆ ಬಿಗಿಯಾಗಿ ಸುತ್ತಿಕೊಂಡಿತ್ತು. ಸ್ಪೀಕರಿನ ತಂತಿ ಕಾರಿನ ಕಬ್ಬಿಣಕ್ಕೆ ತಾಗಿದ್ದು ಹೀಗೆ.

"ಅದು ನಾನೇ ಕಟ್ಟಿದ್ದು," ಎಂದ ಬಾಮೈದ. "ನೆನ್ನೆ ಅಮಾವಾಸ್ಯೆ ಅಲ್ವಾ. ಮುಂದ್ಗಡೆ ಕಟ್ಟುದ್ರೆ ನಿಮ್ಮ ಬೀದಿ ಮೇಕೆ ತಿಂದ್ಬುಡ್ತವೆ. ದಾರ ಆದ್ರೆ ಕಿತ್ತೋಯ್ತದೆ ಅಂತ ತಂತಿ ಹಾಕ್ಬುಟ್ಟೆ."

"ದೃಷ್ಟಿಗೆ ಕಟ್ಟಿದ ನಿಂಬೆಹಣ್ಣನ್ನ ಕಣ್ಣಿಗೆ ಕಾಣದ ಹಾಗೆ ಕಟ್ಟಿದೆಯಲ್ಲಪ್ಪ."

"ಕೆಟ್ಟ ಕಣ್ಣು ಹುಡೀಕ್ಕಂಡು ಬತ್ತದೆ ಬುಡಿ ಬಾವ."

ಬಿಚ್ಚಲು ಹೋದರೆ ಹೆಂಡತಿ ಅಡ್ಡ ಬಂದಳು. ಕಟ್ಟಿದ್ದನ್ನು ಮುಂದಿನ ಅಮಾವಾಸ್ಯೆಯವರೆಗೆ ಜಾಗದಿಂದ ಕದಲಿಸುವಂತಿಲ್ಲ, ಅದೂ ಇಂಥ ದಿನ. ಸ್ಪೀಕರೂ ಹಾಡಬೇಕು, ಹಣ್ಣೂ ಅಲುಗಬಾರದು. ಕಟ್ಟಿದವನೇ ಅಂಗೈಯಲ್ಲಿ ಹಣ್ಣನ್ನು ಇದ್ದಲ್ಲೇ ಹಿಡಿದು, ಉಸಿರು ಬಿಗಿಹಿಡಿದು ಕೂತ. ನಾನು ತಂತಿ ಕತ್ತರಿಸಿ, ಜಾಲರಿಯೊಳಗಿನ ತುಂಡನ್ನು ಇಕ್ಕಳದಿಂದ ಎಳೆದು, ಹೂ ಕಟ್ಟುವ ದಾರದಲ್ಲಿ ಮತ್ತೆ ಪೋಣಿಸಿದೆ.

"ಅಲುಗಾಡ್ತಾ?" ಎಂದು ಅಕ್ಕ ಕೇಳಿದಳು.

"ನನ್ ಕೈ ಅಲುಗಾಡ್ತು ಕಣಕ್ಕ. ಹಣ್ಣು ಅಲುಗಾಡ್ಲಿಲ್ಲ."

ಮೀಟರು ಈಗ ಸುಮ್ಮನಿತ್ತು. ಪ್ಲಗ್ಗು ಚುಚ್ಚಿ ಸೆಟ್ಟು ಹಾಕಿದೆ. ನಾಲ್ಕು ಬಾಗಿಲುಗಳಿಂದಲೂ ನನ್ನ ಹೆಂಡತಿ ಹಾಡಿದಳು.

ಪಾವಗಡದ ಅಮ್ಮ ಬಸ್ಸಿನಿಂದ ಬಾಡಿದ ಮುಖದಲ್ಲಿ ಇಳಿದು, ಕಿಟಕಿಯ ಪಕ್ಕ ಕೂತು ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡರು. ಊರು ದಾಟುತ್ತಲೇ ಹೆಂಡತಿ ಹಾಡು ಹಾಕಿದಳು. ಮೊದಲ ಚರಣ ಮುಗಿಯುವಷ್ಟರಲ್ಲಿ ಅಮ್ಮ ಗೊರಕೆ ಹೊಡೆಯುತ್ತಿದ್ದರು. ಹೆಂಡತಿ ಸದ್ದು ಹೆಚ್ಚಿಸಿದಳು, ಗೊರಕೆಯೂ ಹೆಚ್ಚಿತು. ನಾನು ಒಂದು ಹಂಪನ್ನು ಬೇಕೆಂದೇ ಹಾರಿಸಿದೆ. ಪ್ರಯೋಜನವಾಗಲಿಲ್ಲ. ಹೆಂಡತಿಯ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಕೊರಟಗೆರೆಯಲ್ಲಿ ಕಾರು ನಿಂತಾಗಲೇ ಅಮ್ಮ ಕಣ್ಣುಬಿಟ್ಟದ್ದು. ಹೊರಗೆ ಆ ಇನ್ನೊಬ್ಬಾಕೆ ರೇಷ್ಮೆ ಸೀರೆ ಉಟ್ಟು, ಆಗಲೇ ಗಂಟಲು ಸರಿಮಾಡಿಕೊಳ್ಳುತ್ತ ನಿಂತಿದ್ದಳು.

"ಇದೇಂದಮ್ಮ, ಆಗಲೇ ವಚ್ಚೇಸಿಂದಾ ಕೊರಟಗೆರೆ?" ಊರು ಬಂದೇಬಿಟ್ಟಿತೇ ಎಂದು ಅಮ್ಮ ತಮ್ಮೂರಿನ ತೆಲುಗು ಬೆರೆಸಿ ಕೇಳಿದರು. "ಪಾವಗಡದಿಂದ ಮಧುಗಿರಿ ತನಕ ಬಸ್ಸಾಗೆ ಕಕ್ಕೊಂಡೇ ಬಂದೆ. ಈಯಮ್ಮನ್ ಹಾಡು ಕಿವಿಗೆ ಬಿದ್ದಿದ್ದೇ ತಡ, ಹೊಟ್ಟೆ ತಣ್ಣಗಾಗೋಯ್ತು. ಈಯಮ್ಮನೇ ಎತ್ತಲಿ. ನೀನು ತಾಳ ಹಾಕು ಕಣಮ್ಮ," ಎಂದು ಹೊರಗಿದ್ದವಳಿಗೆ ಹೇಳಿದರು.

ಇದು ಹೊಗಳಿಕೆಯೋ ಅಲ್ಲವೋ ಎಂದು ಹೆಂಡತಿ ಪಕ್ಕದ ಸೀಟಿನಿಂದ ನನ್ನ ಮುಖ ನೋಡಿದಳು. ನಾನು ಗೇರು ಹಾಕಿದೆ.