ಬಗ್ಗಬೇಡಿ ಎಂದದ್ದಕ್ಕೆ ಸಾಕ್ಷಿ

ಅಂಬಲಪಾಡಿಯ ಆ ಅಮ್ಮನಿಗೆ ಸೊಂಟದ ಕೀಲು ಬದಲಾಯಿಸಿದ ಮೇಲೆ ಮತ್ತೆ ನಡೆಯಲು ಕಲಿಸಿದ್ದು ನಾನು. ಮಣಿಪಾಲದ ಒಂದು ಸಣ್ಣ ಫಿಸಿಯೋಥೆರಪಿ ಕೇಂದ್ರದಿಂದ ಸ್ಕೂಟರಿನಲ್ಲಿ ಅವರ ಮನೆಗೆ ಹೋಗುತ್ತಿದ್ದೆ. ನೆಲದಲ್ಲಿ ಕೂರಬೇಡಿ, ಬಗ್ಗಬೇಡಿ, ಬಗ್ಗಿದರೆ ಕೀಲು ಜಾರ್ತದೆ ಎಂದು ಬಾಯಿ ನೋಯುವಷ್ಟು ಹೇಳಿದ್ದೇನೆ. "ಎಷ್ಟು ಸಲ ಹೇಳ್ತಿ ಮಗಾ, ನಾನೆಂತ ಸಣ್ಣ ಮಗುವಾ?" ಎಂದು ನಗುತ್ತಿದ್ದರು.

ಒಂದು ದಿನ ಅವರ ಮಗ ಫೋನ್ ಮಾಡಿ, "ನಾಳೆ ಬರುವುದು ಬೇಡ. ಸ್ವಾಮಿಗಳು ಮನೆಗೆ ಬರುವುದುಂಟು, ಪಾದಪೂಜೆ" ಎಂದರು. ಮರುದಿನ ಪೂಜೆ ಮುಗಿಯುವಾಗ ಅಮ್ಮ ವಾಕರ್ ಬಿಟ್ಟು, ಮಂಡಿಯೂರಿ, ಹಣೆ ನೆಲಕ್ಕೆ ಮುಟ್ಟಿಸಿ ನಮಸ್ಕಾರ ಮಾಡಿದರಂತೆ. ಕೀಲು ಜಾರಿ ಏಳಲಿಕ್ಕೆ ಆಗಲಿಲ್ಲ, ಆಸ್ಪತ್ರೆಗೆ ಸೇರಿಸಬೇಕಾಯಿತು. ಊಟ ಬಡಿಸಲು ಹೋಗಿದ್ದವರೊಬ್ಬರು ಆಮೇಲೆ ನನಗೆ ಹೇಳಿದರು.

ಸ್ವಾಮಿಗಳ ಪಾದದ ಬುಡದಲ್ಲೇ ಅನಾಹುತ ಆಯಿತೆಂದು ಯಾವ ಮನೆಯವರು ಬಾಯಿ ಬಿಟ್ಟಾರು? ಹಿಂದಿನ ದಿನ ಫಿಸಿಯೋದವಳು ಕಾಲು ಎಳೆದದ್ದೇ ಕಾರಣ ಎಂದು ಮಗ ನಮ್ಮ ಕೇಂದ್ರಕ್ಕೆ ದೂರು ಕೊಟ್ಟರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ, ಬೇಕಾದರೆ ಕಾರ್ಕಳದ ನಮ್ಮ ಮನೆಯಲ್ಲಿ ಕೇಳಿ ನೋಡಿ. ಆದರೆ ಅವತ್ತು ಸಿಟ್ಟೂ ಬರಲಿಲ್ಲ, ಅಳೂ ಬರಲಿಲ್ಲ. ಸಂಜೆ ಕಾಪುವಿನಲ್ಲಿ ಇನ್ನೊಬ್ಬರ ಭುಜಕ್ಕೆ ವ್ಯಾಯಾಮ ಮಾಡಿಸುವಾಗ ನನ್ನ ಕೈ ನನ್ನದೇ ಅಲ್ಲ ಅನ್ನಿಸುತ್ತಿತ್ತು.

"ಬಗ್ಗಬಾರದೆಂದು ನೀನು ಹೇಳಿದ್ದಕ್ಕೆ ಸಾಕ್ಷಿ ಯಾರು ಮಾರಾಯ್ತಿ?" ಎಂದರು ನಮ್ಮ ಮ್ಯಾನೇಜರ್. ಅಮ್ಮನನ್ನು ಬಿಟ್ಟರೆ ಯಾರೂ ಇರಲಿಲ್ಲ. "ಹಾಗಾದರೆ ಅವರೇ ಹೇಳಲಿ. ಹೇಳದಿದ್ದರೆ ನಿನ್ನನ್ನು ಕೆಲಸದಲ್ಲಿ ಇಟ್ಟುಕೊಳ್ಳಲಿಕ್ಕೆ ಆಗುವುದಿಲ್ಲ."

ಇಬ್ಬರೂ ಆಸ್ಪತ್ರೆಗೆ ಹೋದೆವು. ಮಗ ಮಂಚದ ಪಕ್ಕದಲ್ಲೇ ನಿಂತಿದ್ದರು. ಮ್ಯಾನೇಜರ್ ಕೇಳಿದಾಗ ಅಮ್ಮ ನನ್ನ ಮುಖ ನೋಡದೆ, "ನೆನಪಿಲ್ಲಪ್ಪ. ಹೇಳಿರಲಿಕ್ಕಿಲ್ಲ" ಎಂದರು. ಅಷ್ಟೇ, ಮುಗಿಯಿತು.

ಗಂಡಸರಿಬ್ಬರೂ ಮಾತಾಡುತ್ತ ಹೊರಗೆ ಹೋದ ಮೇಲೆ ಅಮ್ಮ ನನ್ನ ಕೈ ಹಿಡಿದುಕೊಂಡರು.

"ನಿನಗೆ ಬೇರೆ ಕೆಲಸ ಸಿಗ್ತದೆ ಮಗಾ. ನಿಜ ಹೇಳಿದರೆ ಸ್ವಾಮಿಗಳು ಇನ್ನು ನಮ್ಮ ಮನೆಗೆ ಬರುವುದುಂಟಾ?"

ಅಯ್ಯೋ ದೇವರೇ, ಆಗಲೂ ನನಗೆ ಅಳು ಬರಲಿಲ್ಲ. ಕೀಲು ಮತ್ತೆ ಜಾರದಂತೆ ಅವರ ಎರಡು ಕಾಲುಗಳ ನಡುವೆ ಇಟ್ಟಿದ್ದ ದಿಂಬು ಪಕ್ಕಕ್ಕೆ ಸರಿದಿತ್ತು. ಕೈ ಬಿಡಿಸಿಕೊಂಡು ಅದನ್ನು ಸರಿಯಾಗಿ ಇಟ್ಟು ಬಂದೆ.