ಗುಲಾಬಬಿಯ ತೆಳು ಕೌದಿ

ಗುಡೂರಿನ ಗುಲಾಬಬಿ ಮೂವತ್ತು ವರ್ಷಗಳಿಂದ ಹಳೆಯ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಕೌದಿ ಹೊಲಿಯುತ್ತಿದ್ದಳು. ಊರವರೆಲ್ಲ ಅಂಗಡಿಯ ಬ್ಲಾಂಕೆಟ್ಟಿಗೆ ತಿರುಗಿದ ಮೇಲೆ, ಬಿ.ಕಾಂ ಓದಿದ ತಂಗಿಯ ಮಗಳು ಸಾಜಿಯಾ ಮೊಬೈಲಿನಲ್ಲಿ ಮಾರಾಟದ ಕಂಪನಿಯೊಂದರ ಆ್ಯಪಿನೊಳಗೆ ಅವಳಿಗೊಂದು ಆನ್‌ಲೈನ್ ಅಂಗಡಿ ತೆರೆದುಕೊಟ್ಟಳು.

ಮೊದಲ ಕೌದಿ ಸಾವಿರದ ಇನ್ನೂರಕ್ಕೆ ಹೋಯಿತು. ಬ್ಯಾಂಕಿಗೆ ಬಂದದ್ದು ಏಳುನೂರು.

"ಉಳಿದಿದ್ದು ಎಲ್ಲಿ ಹೋತು?" ಗುಲಾಬಬಿ ಕೇಳಿದಳು.

"ಕಂಪನಿಯವರು ಕಮಿಷನ್ ಹಿಡಿದಾರ, ಖಾಲಾ. ಅದಕ್ಕಿಂತ ಹೆಚ್ಚು ಕೊರಿಯರಿಗೆ ಹೋಗೇತಿ. ಅವರು ತೂಕದ ಮ್ಯಾಲೆ ಹಾಕ್ತಾರ. ನಿಮ್ಮ ಕೌದಿ ಮೂರು ಕಿಲೋ ಐತಿ."

"ಕೌದಿ ಅಂದಮ್ಯಾಲೆ ವಜ್ಜ ಇರಬೇಕಲ್ಲ ಬೇಟಿ?"

ಆದರೂ ಮುಂದಿನದಕ್ಕೆ ಗುಲಾಬಬಿ ಎರಡು ಪದರ ಕಡಿಮೆ ಹಾಕಿದಳು. ಹೊಲಿಯುವಾಗ ಬೆರಳಿಗೆ ಬಟ್ಟೆಯೇ ಸಿಗುತ್ತಿಲ್ಲವೆನಿಸಿ ಎರಡು ಬಾರಿ ಸೂಜಿ ಕೆಳಗಿಟ್ಟಳು. ಅದೂ ಮಾರಾಟವಾಯಿತು, ಈ ಸಲ ಎಂಟುನೂರರ ಮೇಲೆ ಸಿಗುವುದಿತ್ತು. ಆದರೆ ಹನ್ನೆರಡನೆಯ ದಿನ ಕೌದಿ ವಾಪಸ್ ಬಂತು. ಕೊಂಡವರು ಬರೆದಿದ್ದರು: 'ಬಹಳ ತೆಳು.'

ಹೋಗಿಬಂದ ಕೊರಿಯರಿನ ಖರ್ಚು ಮುನ್ನೂರಿಪ್ಪತ್ತು ರೂಪಾಯಿಯೂ ಗುಲಾಬಬಿಯ ತಲೆಗೇ ಬಿತ್ತು. ಸಾಜಿಯಾ ಕಂಪನಿಗೆ ನಾಲ್ಕು ಸಲ ಬರೆದಳು. ನಾಲ್ಕು ಸಲವೂ ಅದೇ ಉತ್ತರ ಬಂತು: ನಿಯಮದ ಪ್ರಕಾರ ಸರಿಯಿದೆ.

"ಮುಂದಿನ ಕೌದಿ ಹೋದಾಗ ಈ ಮುನ್ನೂರಿಪ್ಪತ್ತು ಹಿಡ್ಕೋತಾರಂತ, ಖಾಲಾ."

"ಮುಂದಿಂದು ಇಲ್ಲ. ಬಂದ್ ಮಾಡು," ಎಂದಳು ಗುಲಾಬಬಿ. ವಾಪಸ್ ಬಂದ ಕೌದಿಯನ್ನು ಮಡಚಿ ಟ್ರಂಕಿನ ತಳಕ್ಕೆ ತುರುಕಿದಳು. "ಇದನ್ನ ಊರಾಗ ಯಾರಿಗೂ ತೋರಿಸಬ್ಯಾಡ. ನನ್ನ ಕೈ ಹೊಲಿಗಿ ಅಂದ್ರ ನಂಬೂದಿಲ್ಲ."

ಮರುವಾರ ಅವಳು ಉಳ್ಳಾಗಡ್ಡಿ ಕೀಳುವ ಕೂಲಿಗೆ ಹೊರಟಳು.