ಮೊಮ್ಮಗಳ ಯುದ್ಧವಿಮಾನಕ್ಕೆ ನಾನು ಹಚ್ಚಿದ ಗಂಧ

ನಾನು ಓದಿದ್ದು ಐದನೇ ಕ್ಲಾಸು. ಯುದ್ಧವಿಮಾನದ ಬಗ್ಗೆ ಬರೆಯಲು ಅಷ್ಟು ಸಾಕೇ ಎಂದು ಕೇಳುವವರಿಗೆ ಒಂದು ಮಾತು. ಎಂಜಿನಿಯರಿಂಗ್ ಓದಿದವರು ಸೇರಿ ಮಾಡಿದ ವಿಮಾನ ನೆಲ ಬಿಟ್ಟು ಏಳದೆ ಕೂತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದರಲ್ಲಿ ನನ್ನ ಪಾಲೂ ಇತ್ತು, ಅದನ್ನೂ ಹೇಳುತ್ತೇನೆ.

ನನ್ನ ಮನೆ ಭದ್ರಾವತಿಯಲ್ಲಿ. ನವರಾತ್ರಿಗೆಂದು ಶಿವಮೊಗ್ಗದ ರವೀಂದ್ರನಗರದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಮೊಮ್ಮಗಳದು ಎಂಜಿನಿಯರಿಂಗ್ ಕೊನೇ ವರ್ಷ. ಯುದ್ಧವಿಮಾನದ ಮಾದರಿ ಮಾಡಿ ಹಾರಿಸುವ ಸ್ಪರ್ಧೆಗೆ ಹೆಸರು ಕೊಟ್ಟಿದ್ದಳು. ಮೊದಲ ಎರಡು ಸ್ಥಾನ ಬಂದವರಿಗೆ ವಿಮಾನ ಕಟ್ಟುವ ಕಾರ್ಖಾನೆಯಲ್ಲಿ ಆರು ತಿಂಗಳ ತರಬೇತಿ. ಅಳಿಯಂದಿರು ಪಾಲಿಟೆಕ್ನಿಕ್ ಮೇಷ್ಟ್ರು. ಈ ಸಲ ತರಬೇತಿ ಸಿಗದಿದ್ದರೆ ವಿಮಾನದ ಹುಚ್ಚು ಬಿಟ್ಟು ಬ್ಯಾಂಕ್ ಪರೀಕ್ಷೆಗೆ ಕೂರಬೇಕು ಅಂತ ಅವಳಿಗೆ ಮೊದಲೇ ಹೇಳಿಬಿಟ್ಟಿದ್ದರು.

ಅವಳು ಮೊದಲು ಮಾಡಿದ್ದು ಸಾದಾ ವಿಮಾನ. ಥರ್ಮಾಕೋಲ್ ರೆಕ್ಕೆ, ಒಂದು ಮೋಟರು, ಒಂದು ಬ್ಯಾಟರಿ. ಮುರಿದರೆ ಒಂದು ಸ್ಕ್ರೂಡ್ರೈವರು, ಒಂದಿಷ್ಟು ಟೇಪು ಸಾಕು. ಯುದ್ಧದ ದಿನ ಬೆಳಿಗ್ಗೆ ಯಾವುದು ಹಾರೋಕೆ ತಯಾರಿದೆಯೋ ಅದೇ ಒಳ್ಳೇ ವಿಮಾನ, ಶೆಡ್ಡಿನಲ್ಲಿ ರಿಪೇರಿಗೆ ಕೂತದ್ದು ಎಷ್ಟು ಬುದ್ಧಿವಂತ ಆದರೇನು ಅಜ್ಜಿ ಎಂದಳು. ನನಗೆ ತಕ್ಷಣ ಅರ್ಥವಾಯಿತು. ನಮ್ಮ ಯಜಮಾನರು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಹತ್ತು ಕೆಲಸ ಒಂದೇ ಮಾಡುತ್ತೆ ಅಂತ ತಂದ ಯಂತ್ರ ಒಂದು ಬಿಡಿಭಾಗಕ್ಕೆ ಕಾಯುತ್ತಾ ಟಾರ್ಪಾಲು ಹೊದ್ದು ಮಲಗಿರುತ್ತಿತ್ತು. ಇವರು ಅದರ ಪಕ್ಕದ ಹಳೇ ಲೇತಿನಲ್ಲಿ ಕೆಲಸ ಮುಗಿಸಿ ಊಟಕ್ಕೆ ಬರುತ್ತಿದ್ದರು.

ಅಳಿಯಂದಿರಿಗೆ ಮಾತ್ರ ಆ ವಿಮಾನ ನೋಡಿ ಅವಮಾನವಾಯಿತು. ಇದನ್ನು ತೀರ್ಪುಗಾರರು ಮೂಸಿಯೂ ನೋಡಲ್ಲ, ಈಗಿನ ಕಾಲದಲ್ಲಿ ಒಂದೇ ವಿಮಾನ ಎಲ್ಲಾ ಮಾಡಬೇಕು ಅಂದರು. ಹಾರಿದ ಮೇಲೆ ಚಕ್ರ ಒಳಗೆ ಹೋಗಬೇಕು. ಹೊಟ್ಟೆಯಿಂದ ಬಾಂಬು ಬೀಳಬೇಕು. ಬಾಂಬು ಅಂದರೆ ಮರಳು ತುಂಬಿದ ಮಾತ್ರೆ ಡಬ್ಬಿ. ರೆಕ್ಕೆ ಮಡಚಬೇಕು, ಕ್ಯಾಮೆರಾ ಬೇಕು, ಗಾಳಿಯ ವೇಗ ತಾನೇ ಅಳೆದು ತಾನೇ ಹಾರಬೇಕು. ಮದುವೆ ಅಡಿಗೆಯವರ ಮುಂದೆ ಕೂತು ಒಬ್ಬೊಬ್ಬರೂ ಒಂದೊಂದು ಐಟಂ ಬರೆಸುತ್ತಾರಲ್ಲ, ಹಾಗೆ. ಒಂದು ಸೇರಿಸಿದರೆ ತೂಕ, ತೂಕಕ್ಕೆ ದೊಡ್ಡ ಮೋಟರು, ಮೋಟರಿಗೆ ದೊಡ್ಡ ಬ್ಯಾಟರಿ, ಬ್ಯಾಟರಿ ಹೊರಲು ದೊಡ್ಡ ರೆಕ್ಕೆ. ಕೊನೆಗೆ ಅದನ್ನು ಸೋಫಾ ಸಾಗಿಸುವ ಹಾಗೆ ಓರೆ ಮಾಡಿ ಬಾಗಿಲು ದಾಟಿಸಬೇಕಾಯಿತು.

"ಇದನ್ನ ಶತ್ರು ಮೇಲೆ ಬಿಡ್ತೀರೋ, ಶತ್ರುಗೆ ಬಳುವಳಿ ಕೊಡ್ತೀರೋ?" ಎಂದೆ.

ಅಳಿಯಂದಿರು ಅತ್ತೆಯ ಮಾತಿಗೆ ನಗುವ ಪೈಕಿ ಅಲ್ಲ. ಮೊಮ್ಮಗಳು ತಲೆ ತಗ್ಗಿಸಿ ವೈರು ಬೆಸೆಯುತ್ತಿದ್ದಳು. ತನ್ನಿಷ್ಟದಂತೆ ಮಾಡಿ ಸೋತರೆ ಬ್ಯಾಂಕು ಖಾತ್ರಿ, ಅಪ್ಪ ಹೇಳಿದಂತೆ ಮಾಡಿ ಸೋತರೆ ಅಪ್ಪನೂ ಸ್ವಲ್ಪ ಸೋತ ಹಾಗೆ ಎಂದು ಅವಳ ಯೋಚನೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಸ್ಕೂಟರು, ಮಿಕ್ಸಿ, ಹೊಲಿಗೆ ಮೆಷಿನ್ನು ಎಲ್ಲಕ್ಕೂ ಗಂಧ ಕುಂಕುಮ ಇಡುವುದು ನನ್ನ ಕೆಲಸ. ವಿಮಾನದ ಚಕ್ರಕ್ಕೆ ನಿಂಬೆಹಣ್ಣು ಇಟ್ಟೆ. ಅದರ ಮೂಗಿನಿಂದ ಮುಂದಕ್ಕೆ ಒಂದು ಸಣ್ಣ ಕೊಳವೆ ಚಾಚಿಕೊಂಡಿತ್ತು. ಯುದ್ಧವಿಮಾನ ಅಂದಮೇಲೆ ಅದು ಬಂದೂಕೇ ಇರಬೇಕು. ಆಯುಧಪೂಜೆಯ ದಿನ ಆಯುಧವನ್ನೇ ಬಿಟ್ಟರೆ ಹೇಗೆ? ಅದರ ಬಾಯಿಗೆ ಗಂಧ ದಪ್ಪಗೆ ಮೆತ್ತಿದೆ. ಅಳಿಯಂದಿರು ಪಕ್ಕದಲ್ಲೇ ನಿಂತು ಗಂಟೆ ಬಾರಿಸಿದರು. ಅವರಿಗೂ ಹೊಳೆಯಲಿಲ್ಲ.

ಪೂಜೆಗಿಟ್ಟದ್ದನ್ನು ವಿಜಯದಶಮಿ ಕಳೆಯುವ ತನಕ ನಮ್ಮಲ್ಲಿ ಮುಟ್ಟುವುದಿಲ್ಲ. ಅದರ ಮಾರನೇ ಬೆಳಿಗ್ಗೆಯೇ ನವುಲೆ ಕಡೆ ಒಂದು ಮೈದಾನದಲ್ಲಿ ಸ್ಪರ್ಧೆ. ಹಿಂದೆ ಯುದ್ಧವಿಮಾನ ಓಡಿಸಿ ನಿವೃತ್ತರಾದವರೊಬ್ಬರು ತೀರ್ಪುಗಾರರು. ಒಬ್ಬೊಬ್ಬರಿಗೆ ಹದಿನೈದು ನಿಮಿಷ. ಮೊಮ್ಮಗಳು ಗುಂಡಿ ಒತ್ತಿದಳು. ವಿಮಾನ ಅಲುಗಲಿಲ್ಲ. ಲ್ಯಾಪ್‌ಟಾಪಿನಲ್ಲಿ ಕೆಂಪು ಅಕ್ಷರ ಬಂತು. ಗಾಳಿಯ ವೇಗ ತಿಳಿಯುತ್ತಿಲ್ಲ, ಆದ್ದರಿಂದ ಹಾರುವುದಿಲ್ಲ ಎಂದು ವಿಮಾನವೇ ತೀರ್ಮಾನ ಮಾಡಿತ್ತಂತೆ. ಅಳಿಯಂದಿರು ವೈರು ಬೈದರು, ಬ್ಯಾಟರಿ ಬೈದರು, ಬ್ಯಾಟರಿ ಮಾರಿದ ಅಂಗಡಿಯವನನ್ನೂ ಬೈದರು. ಮೊಮ್ಮಗಳು ಆ ಕೊಳವೆಯನ್ನು ಊದಲು ಹೋದವಳು ಅರ್ಧಕ್ಕೇ ನಿಂತು, ಮೂಸಿ, ನನ್ನ ಕಡೆ ನೋಡಿದಳು. ಗಾಳಿ ಅಳೆಯುವ ಕೊಳವೆ ಅದು. ತೂತಿನ ತುಂಬ ಗಂಧ ಒಣಗಿ ಕಲ್ಲಾಗಿತ್ತು.

"ಬಂದೂಕು ಅಂದ್ಕೊಂಡು ನಾನೇ ಹಚ್ಚಿದ್ದು," ಎಂದೆ. ಸುತ್ತ ಕಾಲೇಜಿನವರೆಲ್ಲ ಇದ್ದರು. ಇದ್ದರೆ ಇರಲಿ.

ಅಳಿಯಂದಿರ ಮುಖ ಕೆಂಪಾಯಿತು, ಬೈಯೋಣವೆಂದರೆ ಅತ್ತೆ. ಪಿನ್ನಿನಲ್ಲಿ ಕೆರೆಯೋಣ ಅಂದರು. ಒಳಗೆ ಚೂರು ಉಳಿದರೂ ಮೇಲೆ ಹೋಗಿ ಸುಳ್ಳು ಲೆಕ್ಕ ಕೊಟ್ಟು ತಲೆಕೆಳಗಾಗಿ ಬೀಳುತ್ತೆ ಅಂದಳು ಅವಳು. ಇನ್ನು ಎಂಟೇ ನಿಮಿಷ ಎಂದು ತೀರ್ಪುಗಾರರು ಹೇಳಿದರು.

ಅವಳು ಸ್ಕ್ರೂಡ್ರೈವರ್ ತೆಗೆದುಕೊಂಡು ಬಿಚ್ಚತೊಡಗಿದಳು. ಕೊಳವೆ ಹೋಯಿತು, ತಾನೇ ಹಾರುವ ಪೆಟ್ಟಿಗೆ ಹೋಯಿತು, ಕ್ಯಾಮೆರಾ, ಬಾಂಬು, ಚಕ್ರ ಎಲ್ಲ ಹೋದವು. ಮಡಚುವ ರೆಕ್ಕೆಯ ಕೀಲಿಗೆ ಟೇಪು ಸುತ್ತಿ, ಬ್ಯಾಟರಿ ಮುಂದಕ್ಕೆ ಸರಿಸಿ ತೂಕ ಸರಿಮಾಡಿದಳು.

"ಅದಕ್ಕೆಲ್ಲ ಮಾರ್ಕ್ಸ್ ಇದೆ ಕಣೇ."

"ಏಳದೇ ಇದ್ರೆ ಸೊನ್ನೆ ಅಪ್ಪ. ಇದನ್ನ ಹಿಡ್ಕೋ."

ಅಳಿಯಂದಿರು ಎರಡು ಕೈಯಲ್ಲಿ ವೈರು, ಜೇಬಿನಲ್ಲಿ ಬಾಂಬು ಇಟ್ಟುಕೊಂಡು ನಿಂತರು. ಅವಳು ಒಂದು ಕೈಯಲ್ಲಿ ರಿಮೋಟು ಹಿಡಿದು ಇನ್ನೊಂದರಿಂದ ವಿಮಾನ ಎಸೆದಳು. ಅಷ್ಟು ದೊಡ್ಡ ರೆಕ್ಕೆಗೆ ಹೊರಲು ಏನೂ ಉಳಿದಿರಲಿಲ್ಲವಲ್ಲ, ಆರಾಮಾಗಿ ಮೂರು ಸುತ್ತು ಹಾಕಿ ಹುಲ್ಲಿನ ಮೇಲೆ ಹೊಟ್ಟೆಯಲ್ಲೇ ಇಳಿಯಿತು.

ಮೂರನೇ ಸ್ಥಾನ ಬಂತು. ಮೊದಲ ಸ್ಥಾನದ ವಿಮಾನ ಒಂದು ಸುತ್ತಿಗೇ ಬೇಲಿಗೆ ಸಿಕ್ಕಿಕೊಂಡಿತ್ತು, ಆದರೆ ಸಿಕ್ಕಿಕೊಳ್ಳುವ ಮೊದಲು ಚಕ್ರ ಒಳಗೆ ಹೋಗಿತ್ತು. ನಾನು ಹೋಗಿ ಇದ್ಯಾವ ನ್ಯಾಯ ಎಂದು ಕೇಳಿದೆ. "ನಿಯಮ ನಾನು ಬರೆದದ್ದಲ್ಲ ಅಮ್ಮ," ಅಂದರು ತೀರ್ಪುಗಾರರು. "ನನ್ನನ್ನ ಯುದ್ಧಕ್ಕೆ ಹೋಗು ಅಂದಿದ್ರೆ ನಿಮ್ಮ ಮೊಮ್ಮಗಳದ್ದನ್ನೇ ಕೇಳ್ತಿದ್ದೆ."

ಕಾರಿನಲ್ಲಿ ಅಳಿಯಂದಿರು ಬ್ಯಾಂಕ್ ಪರೀಕ್ಷೆಯ ಕೋಚಿಂಗ್ ವಿಷಯ ತೆಗೆದರು. ಮೊಮ್ಮಗಳು ಕಿಟಕಿ ಕಡೆ ತಿರುಗಿದಳು.

"ಸೋತಿದ್ದು ನಿಮ್ಮ ಪಟ್ಟಿ, ನನ್ನ ಗಂಧ. ಹಾರಿಸಿದ್ದು ಅವಳು," ಎಂದೆ. "ಪರೀಕ್ಷೆ ಬರೆಯಲೇಬೇಕು ಅಂದ್ರೆ ನಾವಿಬ್ಬರೂ ಬರೆಯೋಣ. ನಂದು ಐದನೇ ಕ್ಲಾಸು, ನೀವು ಸ್ವಲ್ಪ ಹೇಳಿಕೊಡಿ."

ಮನೆ ಬಂತು. ಅಳಿಯಂದಿರು ಕಾರು ನಿಲ್ಲಿಸಿ, ಇಂಥ ಸ್ಪರ್ಧೆ ಮತ್ತೆ ಯಾವಾಗ ಎಂದು ಮಗಳನ್ನು ಕೇಳಿದರು. ಮಾರ್ಚಿನಲ್ಲಿದೆ ಅಂದಳು. ಸರಿ, ಈ ಸಲ ನಿನ್ನಿಷ್ಟದ ಹಾಗೇ ಮಾಡು, ರೆಕ್ಕೆ ತುದಿಗೆ ಒಂದೇ ಒಂದು ಲೈಟು ಮಾತ್ರ ಇರಲಿ ಅಂದರು.

ಅದರ ತೂಕ ಎಷ್ಟು ಎಂದು ಕೇಳಿದಳು ಮೊಮ್ಮಗಳು.